ಸುಳ್ಳಮೀನ

ಆರರ ಸೆಟ್ಟಿನ್ಯಾಗ ಈಗ ಐದ ಚಮಚ ಅದಾವ.
ಆರನೇದು ನನ್ನ ಕಿಸೇದಾಗೈತಿ.
ಹಿಡಿಕಿ ಕತ್ತರಿಸಿ, ಎರಡೂ ತುದಿಗೆ ತೂತ ಹೊಡದು,
ಮೂರ ಮುಳ್ಳಿನ ಗಾಳ ಸಿಗಸಿ,
ಬಾಲಕ್ಕ ಗುಳೇದಗುಡ್ಡದ ಖಣದ ಕೆಂಪ ದಾರ ಸುತ್ತೇನಿ.
ಜಂಪರ ಹೊಲಿಯೂವಾಗ ಅಂಚಿಗೆ ಉಳದ ದಾರ,
ಯಾರದೋ ಮಗಳ ಕುಬಸದ ಖಣದ್ದು.
ಇದಕ್ಕ ಡೋಂಗ್ರಿಸಾಬ ಸುಳ್ಳಮೀನ ಅಂತಾನ.

ಡೋಂಗ್ರಿಸಾಬ ಜಾಕ್‌ವೆಲ್ಲಿನ ಪಂಪ ಆಪರೇಟರ.
ಹೆರಕಲ್ಲಿನ ಹಿನ್ನೀರಾಗ ಕಾಲ ಇಳಿಬಿಟ್ಟು ನಿಂತ
ಸಿಮೆಂಟಿನ ಉದ್ದನ್ನ ಕಾಲುಸೇತುವಿ,
ತುದಿಗೆ ದುಂಡನ್ನ ಬಾವಿ, ಬಾವ್ಯಾಗ ಮೂರ ಮೋಟರ.
ಕರೆಂಟ ಇದ್ದಾಗ ಸೇತುವಿ ನಡಗತೈತಿ.
ಹೋದಾಗ ಅಂವ ಗಾಳದ ಕೋಲ ತಗೀತಾನ.
ಮೋಟರ ಸುಮ್ಮನಾದರನ ಮೀನ ಹತ್ರ ಬರೂದು.
ಹಿಂಗಾಗಿ ನಮ್ಮ ಬ್ಯಾಟಿ ಟೈಮ
ಹೆಸ್ಕಾಂನವರ ಕೈಯಾಗೈತಿ.

ಒಂದ ವರ್ಷ ನನಗ ಒಗಿಯಾಕ ಬರಲಿಲ್ಲ.
ಒಮ್ಮೆ ವೈರಿಗೆ, ಒಮ್ಮೆ ರೇಲಿಂಗಿಗೆ,
ಒಮ್ಮೆ ನನ್ನ ಅಂಗಿ ಬೆನ್ನಿಗೇ ಸಿಗಬಿತ್ತು.
"ಭುಜಾ ಬ್ಯಾಡೋ ಸಿಂಪಿಗ್ಯಾ, ಮಣಿಕಟ್ಟು.
ಸೂಜಿ ಎಳದಂಗ ಎಳದು ಬಿಡು."
ಸೂಜಿ ಅಂದಕೂಡ್ಲೆ ತಿಳೀತು.
ಅವತ್ತಿಂದ ನೀರಿಗೆ ಹೊಲಿಗಿ ಹಾಕಾಕತ್ತೀನಿ,
ಒಂದೂ ನಿಲ್ಲಾಂಗಿಲ್ಲ.

ಪುಟ್ಟಿಯೊಳಗ ಹಾಯೂವಾಗ ಅಂಬಿಗೇರ ಹುಲಗಪ್ಪ ನಗತಾನ.
ಅವನವು ಮೂವತ್ತ ಬಲಿ, ನಸಿಕಿಲೆ ಐವತ್ತ ಕೇಜಿ ಕಾಟ್ಲಾ.
"ಹುಳಾ ಇಲ್ಲ, ಹಿಟ್ಟಿಲ್ಲ,
ಮೀನಿಗೆ ಖಾಲಿ ಚಮಚಾ ತೋರಸ್ತೀರಿ.
ಉಪಾಸ ಇದ್ದವರ ಮುಂದ ಬಾಯಿ ಚಪ್ಪರಿಸಿದಂಗಾತು."
ಖರೇನ. ನಾನೂರ ಸಲಾ ಸುಳ್ಳ ಹೇಳಿದರ
ಒಮ್ಮೆ ನಂಬತೈತಿ ನೀರು.
"ನಾಳೆ ಬರ್ರಿ, ಗುಂಡಿ ಅಷ್ಟ ಬಾಕಿ" ಅಂತ
ಗಿರಾಕಿಗೆ ಹೇಳೂದು ಇದಕ್ಕಿಂತ ಸಸಾರ.

ಕಾರಹುಣ್ಣಿವಿ ದಾಟಿ ಹೊಸನೀರ ಬಂದಿತ್ತು.
ಸೇತುವಿ ಬುಡಕ್ಕ, ಆಪಿನ ಸಂದ್ಯಾಗ,
ಕುಂಕುಮ ಕದಡಿದಂಗ ಒಂದ ಕೆಂಪ ಮೋಡ.
ಮುಳಗತಿತ್ತು, ಏಳತಿತ್ತು,
ಒಂದ ಜೀವ ಆಗಿ ಉಸರ ತಗೋತಿತ್ತು.
"ಮುರಲ ಮೀನಿನ ಮರಿ" ಅಂದ ಡೋಂಗ್ರಿಸಾಬ, ದನಿ ಸಣ್ಣ ಮಾಡಿ.
"ಕೆಳಗ ಅವ್ವ ಅದಾಳ. ಈಗ ಒಗಿ, ತಪ್ಪಂಗಿಲ್ಲ.
ಹಸಿವಿಗಲ್ಲ, ಸಿಟ್ಟಿಗೆ ಕಡೀತಾಳ."

ನಾ ವಿಚಾರ ಮಾಡಲಿಲ್ಲ. ಮಾಡಿದೆ ಅಂದರ ಅದೂ ಸುಳ್ಳ.
ಚಮಚ ಹಾರಿ ಮೋಡದ ಆಚಿಗೆ ಬಿತ್ತು,
ಎರಡ ಸುತ್ತ ರೀಲ ತಿರುವಿದೆ,
ನೀರ ಒಡೀತು.

ಹಾವಿನ ತಲಿ, ತೋಳಿನಷ್ಟ ದಪ್ಪ ಮೈ.
ಆಕಿ ಬಡಕೊಂಡ ಬಡತಕ್ಕ
ಮೋಟರ ಇಲ್ಲದ ಸೇತುವಿ ನಡಗಿತು
ಅಂತ ನನಗ ಅನಸ್ತು.
ಬಾಯಿ ಮಗ್ಗಲಕ ಕುಬಸದ ಕೆಂಪ ದಾರ.

ಬಗ್ಗಿ ನೋಡಿದೆ. ಮೋಡದ ಅಂಚ ಹರದಿತ್ತು.
ಎಲ್ಲಿದ್ದವೋ ಜಿಲೇಬಿ ಮೀನ, ಬಂದು ಸುತ್ತಗಟ್ಟಿ
ಚಕ್ ಚಕ್ ಚಕ್
ನನ್ನ ಕತ್ತರಿ ಸಪ್ಪಳ.

"ಬಿಡು, ಲಗೂನ ಬಿಡು" ಅಂದಾಂವ ಅಂವನ,
ಒಗಿ ಅಂದಾಂವನೂ ಅಂವನ.
ಇಕ್ಕಳ ಸಿಗಲಿಲ್ಲ. ಗಾಳ ಕೀಳೂದ್ರಾಗ ಹೆಬ್ಬಟ್ಟ ಹರೀತು.
ಕಬ್ಬಿಣದ ಮೆಟ್ಟಲ ಇಳದು, ಮೊಣಕಾಲ ಮಟ ನೀರಾಗ ನಿಂತು
ಎರಡೂ ಕೈಲೆ ಹಿಡದೆ.
ಒಂದ ಗಳಿಗಿ ನಿಂತಳು,
ಆಮ್ಯಾಲೆ ಕೈಯಾಗ ಬರೇ ನೀರಿತ್ತು.

ಮೋಡ ಮತ್ತ ಕೂಡಿತು. ಅಳತಿ ಕಡಿಮಿ ಇತ್ತು.
ಎಷ್ಟ ಬಟ್ಟಿ ಹೋಗೇತಿ ಅಂತ ಟೇಪ ಇಲ್ದ ಹೇಳತೈತಿ ಸಿಂಪಿಗ್ಯಾನ ಕಣ್ಣು:
ಒಂದ ಜಂಪರಿನ ತೋಳಿನಷ್ಟು.

ಕರೆಂಟ ಬಂತು. ಡೋಂಗ್ರಿಸಾಬ ಮಾತಾಡಲಾರದ
ಒಳಗ ಹೋಗಿ ಸ್ವಿಚ್ಚ ಒತ್ತಿದ.

ಮನ್ಯಾಗ ನೀಲಗಂಗಾ ಬೆರಳಿಗೆ ಅರಿಷಿಣ ಹಚ್ಚಿದಳು.
ಸೂಜಿ ಚುಚ್ಚಿತೇನ, ಅಂದಳು.
ಹೂಂ, ಅಂದೆ.
ಹಿಂಗ್ಯಾಕ ಅಡ್ಡ ಚುಚ್ಚೇತಿ, ಅಂದಳು.
ಉಪ್ಪಿಟ್ಟಿನ್ಯಾಗ ಚಮಚ ಇರಲಿಲ್ಲ,
ಕೈಲೆ ಉಂಡೆ, ಉರಿ ಹತ್ತಿತು.

ಸುಳ್ಳಮೀನ ಕಿಸೇದಾಗ ಐತಿ.
ದಾರ ಅಷ್ಟ ಬದಲ ಮಾಡೇನಿ, ಹಸರ ಹಾಕೇನಿ.
ನಾಳೆ ಹೆಸ್ಕಾಂನವರು ಏನ ಮಾಡ್ತಾರ, ನೋಡೂಣು.